ರೀಲು ಬಿಡಬೇಕಾ, ಬೇಡ್ವಾ? ಕೊಡಗಿನ ಫಿಲಂ ಕ್ಯಾಮೆರಾದವರಿಗೆ ಒಂದು ಹೋಲಿಕೆ

ಮನೆಯಲ್ಲಿ ಒಂದು ಒಳ್ಳೆ ಫಿಲಂ ಕ್ಯಾಮೆರಾ ಇದೆ. ಅದನ್ನು ಮಾರಿ ಡಿಜಿಟಲ್‌ಗೆ ಹೋಗಬೇಕಾ, ಅದರಲ್ಲೇ ಮುಂದುವರಿಯಬೇಕಾ, ಇಲ್ಲ ಎರಡನ್ನೂ ಇಟ್ಟುಕೊಳ್ಳಬೇಕಾ? ನನ್ನನ್ನು ಇದನ್ನು ಕೇಳುವವರಲ್ಲಿ ಎರಡು ಥರದವರಿದ್ದಾರೆ. ಒಂದು, ಎಂಬತ್ತರ ದಶಕದಿಂದ ನಿಕಾನ್ ಎಫ್‌ಎಂ2ನೋ ಪೆಂಟಾಕ್ಸ್ ಕೆ1000ನೋ ಹಿಡಿದು ತೋಟ, ಮದುವೆ, ಹುತ್ತರಿ ಸುಗ್ಗಿಹಬ್ಬ ಎಲ್ಲ ತೆಗೆದ ಹಿರಿಯರು. ಇನ್ನೊಂದು, ಅಜ್ಜನ ಕಪಾಟಿನಲ್ಲಿ ಯಾಶಿಕಾ ಸಿಕ್ಕಿ ತಲೆಕೆಡಿಸಿಕೊಂಡ ಹುಡುಗ ಹುಡುಗಿಯರು. ಮೊದಲಿನವರಿಗೆ ಡಿಜಿಟಲ್ ಅಂದರೆ ಅನುಮಾನ. ಎರಡನೆಯವರಿಗೆ ಫಿಲಂ ಅಂದರೆ ಮೋಹ. ಇಬ್ಬರಿಗೂ ಹಾಕಬೇಕಾದ ಲೆಕ್ಕ ಮಾತ್ರ ಒಂದೇ.

ಮೊದಲು ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. "ಡಿಜಿಟಲ್‌ನಲ್ಲಿ ಜೀವ ಇಲ್ಲ ಮಾರಾಯ" ಅನ್ನುವವರ ಹತ್ತಿರ ಸ್ವಲ್ಪ ಹೊತ್ತು ಕೂತು ಮಾತಾಡಿದರೆ ನಿಜವಾದ ವಿಷಯ ಬೇರೆಯೇ ಇರುತ್ತದೆ. ಅವರಿಗೆ ಬೇಡವಾಗಿರುವುದು ಕ್ಯಾಮೆರಾ ಅಲ್ಲ, ಕಂಪ್ಯೂಟರ್. ಸಂಜೆ ತೋಟದಿಂದ ಬಂದು ಮತ್ತೆ ಪರದೆ ಎದುರು ಕೂತು ಮುನ್ನೂರು ಫೋಟೋ ಜಾಲಾಡುವುದು ಯಾರಿಗೆ ಬೇಕು? ರೀಲು ಕೊಟ್ಟರೆ ಸ್ಟುಡಿಯೋದವನು ತೊಳೆದು (ಅಂದರೆ ಡೆವಲಪ್ ಮಾಡಿ) ಪ್ರಿಂಟ್ ಹಾಕಿ ಕವರ್‌ನಲ್ಲಿಟ್ಟು ಕೊಡುತ್ತಿದ್ದ. ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಡಿಜಿಟಲ್ ಬಂದಾಗ ಆ ಕೆಲಸ ಸದ್ದಿಲ್ಲದೆ ನಮ್ಮ ತಲೆ ಮೇಲೆ ಬಂದು ಕೂತಿತು. ಅದಕ್ಕೇ ನಾನು ಯಾವ ಕ್ಯಾಮೆರಾ ಚೆನ್ನ ಅಂತ ಶುರು ಮಾಡುವುದಿಲ್ಲ. ಕ್ಲಿಕ್ ಆದ ಮೇಲಿನ ಕೆಲಸ ಯಾರು ಮಾಡುತ್ತಾರೆ ಅಂತ ಶುರು ಮಾಡುತ್ತೇನೆ.

ದೊಡ್ಡ ದೊಡ್ಡವರೂ ಇಲ್ಲೇ ತಡವರಿಸಿದ್ದು. ಬ್ರೆಜಿಲ್ ಮೂಲದ ಹೆಸರಾಂತ ಛಾಯಾಗ್ರಾಹಕ ಸೆಬಾಸ್ಟಿಯಾವೋ ಸಲ್ಗಾಡೊ 2008ರಲ್ಲಿ ಫಿಲಂ ಬಿಟ್ಟು ಡಿಜಿಟಲ್‌ಗೆ ಬಂದರು. ವಿಮಾನ ನಿಲ್ದಾಣಗಳ ಎಕ್ಸ್‌ರೇ ಯಂತ್ರಗಳ ಜೊತೆ ಗುದ್ದಾಡಿ ಸಾಕಾಗಿತ್ತು ಅನ್ನುವುದು ಒಂದು ಕಾರಣ. ಆದರೆ ಪರದೆ ಮೇಲೆ ಫೋಟೋ ಆರಿಸುವುದು ಅವರಿಗೆ ಒಗ್ಗಲಿಲ್ಲ. ಡಿಜಿಟಲ್ ಫೋಟೋಗಳನ್ನೂ ಕಾಂಟ್ಯಾಕ್ಟ್ ಶೀಟಿನ (ರೀಲಿನ ಚಿತ್ರಗಳೆಲ್ಲ ಚಿಕ್ಕದಾಗಿ ಒಂದೇ ಹಾಳೆಯಲ್ಲಿ) ಥರ ಕಾಗದದ ಮೇಲೆ ಹಾಕಿಸಿ, ಹಳೆ ಅಭ್ಯಾಸದಂತೆ ಕಣ್ಣಿಗೆ ಹಿಡಿದು ನೋಡಿಯೇ ಆರಿಸುತ್ತಿದ್ದರು. ನಮ್ಮ ದೇಶದ ಛಾಯಾಗ್ರಾಹಕ ರಘು ರಾಯ್ ಅದಕ್ಕೆ ತದ್ವಿರುದ್ಧ. 2003ರಲ್ಲಿ ಮುಂಬೈನ ಒಂದು ಕೆಲಸಕ್ಕೆ ನಿಕಾನ್ ಡಿ100 ಹಿಡಿದವರು ಮತ್ತೆ ಫಿಲಂ ಕಡೆ ತಿರುಗಿ ನೋಡಲಿಲ್ಲ. ಇನ್ನು ಡಾರ್ಕ್‌ರೂಮಿನ ದೇವರು ಅಂತ ಎಲ್ಲರೂ ಪೂಜಿಸುವ ಆನ್ಸೆಲ್ ಆಡಮ್ಸ್ 1984ರಲ್ಲಿ ತೀರಿಕೊಳ್ಳುವ ಮೊದಲೇ, ಎಲೆಕ್ಟ್ರಾನಿಕ್ ಚಿತ್ರ ಬರುವುದನ್ನು ಆಸೆಯಿಂದ ಕಾಯುತ್ತಿದ್ದೇನೆ ಅಂತ ಬರೆದಿದ್ದರು. ಡಿಜಿಟಲ್ ಕ್ಯಾಮೆರಾ ಮೊದಲು ಹುಟ್ಟಿದ್ದಾದರೂ ಎಲ್ಲಿ? ಕೊಡಾಕ್ ಕಂಪನಿಯಲ್ಲೇ, 1975ರಲ್ಲಿ. ಸ್ಟೀವನ್ ಸ್ಯಾಸನ್ ಅನ್ನುವ ಇಂಜಿನಿಯರ್ ಮಾಡಿದ ಆ ಪೆಟ್ಟಿಗೆ ಒಂದು ಕಪ್ಪು ಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಇಳಿಸಲು 23 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಹಾಗಾಗಿ ಫಿಲಂನವರು ಒಂದು ಪಂಗಡ, ಡಿಜಿಟಲ್‌ನವರು ಇನ್ನೊಂದು ಪಂಗಡ ಅನ್ನುವ ಜಗಳವನ್ನು ಸುಮ್ನೆ ಪಕ್ಕಕ್ಕಿಡಿ.

ಯಾವುದರ ಮೇಲೆ ಅಳೆಯಬೇಕು

ಕ್ಲಿಕ್ ಆದ ಮೇಲಿನ ಕೆಲಸ ಅಂದೆನಲ್ಲ, ಅದು ಮೊದಲನೆಯದು. ಎರಡನೆಯದು ವರ್ಷದ ಖರ್ಚು. ಕ್ಯಾಮೆರಾದ ಬೆಲೆ ಅಲ್ಲ, ವರ್ಷದ ಖರ್ಚು. ಮೂರನೆಯದು ಇಲ್ಲಿನ ಬೆಳಕು. ಬಯಲುಸೀಮೆಯವರು ಬರೆದ ಸಲಹೆ ನಮಗೆ ಪೂರ್ತಿ ಹೊಂದುವುದಿಲ್ಲ, ಯಾಕೆಂದರೆ ಸಿಲ್ವರ್ ಮರದ ಕೆಳಗೆ ಜುಲೈ ತಿಂಗಳ ಮಧ್ಯಾಹ್ನ ಮೂರು ಗಂಟೆ ಅಂದರೆ ಬೇರೆ ಊರಿನ ಮುಸ್ಸಂಜೆ. ನಾಲ್ಕನೆಯದು ಮಳೆ, ಮಳೆ ತರುವ ಬೂಷ್ಟು. ಐದನೆಯದು, ಈ ಫೋಟೋ ಮೂವತ್ತು ವರ್ಷದ ಮೇಲೆ ಮೊಮ್ಮಕ್ಕಳಿಗೆ ಸಿಗಬೇಕಾ ಅನ್ನುವುದು. ಎಲ್ಲರಿಗೂ ಐದೂ ಮುಖ್ಯ ಆಗಬೇಕಿಲ್ಲ. ಹೋಮ್‌ಸ್ಟೇ ನಡೆಸುವವರಿಗೆ ಐದನೆಯದು ಬೇಡವೇ ಬೇಡ. ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆಯ) ಫೋಟೋಗಳನ್ನು ಜೋಡಿಸಿಡುತ್ತಿರುವವರಿಗೆ ಅದೇ ಎಲ್ಲಕ್ಕಿಂತ ಮೇಲೆ.

ನಿಮಗೆ ಯಾವ ಎರಡು ಮುಖ್ಯ ಅಂತ ಈಗಲೇ ಮನಸ್ಸಿನಲ್ಲಿ ಇಟ್ಟುಕೊಂಡು ಮುಂದೆ ಓದಿ.

ಪೂರ್ತಿ ಫಿಲಂನಲ್ಲೇ ಉಳಿಯುವುದು

ಮೊದಲು ದುಡ್ಡು. ಒಂದು 36 ಚಿತ್ರದ ಕಲರ್ ರೀಲಿಗೆ ಈಗ ಸಾವಿರ ರೂಪಾಯಿ ಆಚೀಚೆ. ತೊಳೆಸಿ ಸ್ಕ್ಯಾನ್ ಮಾಡಿಸಲು ಇನ್ನೊಂದು ಐದಾರು ನೂರು. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಎಲ್ಲಿಂದಲೇ ಆಗಲಿ ಬೆಂಗಳೂರಿಗೆ ಕೊರಿಯರ್ ಮಾಡುವ ಖರ್ಚು ಬೇರೆ. ಎಲ್ಲ ಸೇರಿಸಿದರೆ ಒಂದು ಫೋಟೋಗೆ 45ರಿಂದ 50 ರೂಪಾಯಿ ಬೀಳುತ್ತದೆ. ತಿಂಗಳಿಗೆ ಎರಡು ರೀಲು ಹೊಡೆದರೆ ವರ್ಷಕ್ಕೆ ಸುಮಾರು 40,000. ಆ ದುಡ್ಡಿಗೆ ಒಂದು ಒಳ್ಳೆ ಸೆಕೆಂಡ್ ಹ್ಯಾಂಡ್ ಡಿಜಿಟಲ್ ಬಂದೇ ಬರುತ್ತದೆ. ವರ್ಷಕ್ಕೆ ನಾಲ್ಕೇ ರೀಲು ಹೊಡೆಯುವವರಿಗೆ ಈ ಲೆಕ್ಕ ಪೂರ್ತಿ ತಿರುಗುತ್ತದೆ. ಅವರಿಗೆ ಏಳು ಸಾವಿರದಲ್ಲಿ ವರ್ಷ ಮುಗಿಯಿತು, ಹೊಸ ಕ್ಯಾಮೆರಾ ಯಾಕೆ ಬೇಕು? ನಿಮ್ಮದು ವರ್ಷಕ್ಕೆ ಆರು ರೀಲಿಗಿಂತ ಕಡಿಮೆ ಆದರೆ, ಮತ್ತು ಕೈಯಲ್ಲಿರುವ ಕ್ಯಾಮೆರಾ ಸರಿಯಾಗಿ ಓಡುತ್ತಿದ್ದರೆ, ದುಡ್ಡಿನ ಕಾರಣಕ್ಕೆ ಫಿಲಂ ಬಿಡಬೇಡಿ.

ಒಂದು ಕಾಲದಲ್ಲಿ ಇಷ್ಟು ದೂರ ನೋಡಬೇಕಾಗಿರಲಿಲ್ಲ ಅನ್ನುವುದೂ ನಿಜ. ಪಕ್ಕದ ಊಟಿಯಲ್ಲೇ ಹಿಂದೂಸ್ತಾನ್ ಫೋಟೋ ಫಿಲಂಸ್ ಇತ್ತು, ಅಲ್ಲಿ ಮಾಡಿದ 'ಇಂದು' ಕಪ್ಪು ಬಿಳುಪು ಫಿಲಂ ನಮ್ಮ ಸ್ಟುಡಿಯೋಗಳಿಗೆ ಬರುತ್ತಿತ್ತು. ಆ ಕಾರ್ಖಾನೆ ಈಗ ಇಲ್ಲ. ಕೊಡಾಕ್ರೋಮ್ 2009ರಲ್ಲಿ ನಿಂತಿತು, ಕೊಡಾಕ್ ಕಂಪನಿಯೇ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಆದರೂ ಫಿಲಂ ಸಾಯಲಿಲ್ಲ, ಅದು ಆಶ್ಚರ್ಯ. 2024ರಲ್ಲಿ ಪೆಂಟಾಕ್ಸ್ ಕಂಪನಿ ಹೊಸದಾಗಿ ಒಂದು ಫಿಲಂ ಕ್ಯಾಮೆರಾ ತಂದಿತು. ಹಾಗಾಗಿ "ನಾಳೆ ರೀಲೇ ಸಿಗಲ್ಲ" ಅನ್ನುವ ಭಯ ಸದ್ಯಕ್ಕೆ ಬೇಡ. "ನಾಳೆ ಅಗ್ಗ ಆಗುತ್ತೆ" ಅನ್ನುವ ಆಸೆಯೂ ಬೇಡ.

ಈಗ ಬೆಳಕಿಗೆ ಬರೋಣ. ಇಲ್ಲಿ ಫಿಲಂನ ಗುಣ, ದೋಷ ಎರಡೂ ಒಂದೇ ಚಿತ್ರದಲ್ಲಿ ಕಾಣುತ್ತದೆ. ಒಂದು ಕೊಡವ ಮದುವೆ ಅಂದುಕೊಳ್ಳಿ. ಮದುಮಗ ಬಿಳಿ ಕುಪ್ಯದಲ್ಲಿ (ಉದ್ದ ನಿಲುವಂಗಿ) ನಿಂತಿದ್ದಾನೆ, ಪಕ್ಕದಲ್ಲಿ ಮಾವಂದಿರು ಕಪ್ಪು ಕುಪ್ಯದಲ್ಲಿ, ಸೊಂಟದಲ್ಲಿ ಬೆಳ್ಳಿ ಪೀಚೆಕತ್ತಿ. ಮೇಲಿಂದ ಹನ್ನೊಂದು ಗಂಟೆಯ ಬಿಸಿಲು. ಕಲರ್ ನೆಗೆಟಿವ್ ಫಿಲಂನಲ್ಲಿ ಕಪ್ಪು ಕುಪ್ಯದ ಮಡಿಕೆ ಕಾಣುವಷ್ಟು ಬೆಳಕು ಕೊಟ್ಟುಬಿಟ್ಟರೆ ಸಾಕು, ಬಿಳಿಯನ್ನು ಫಿಲಂ ತಾನೇ ಸಂಭಾಳಿಸುತ್ತದೆ. ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು) ಜಾಸ್ತಿ ಬೆಳಕು ಬಿದ್ದರೂ ಬಿಳಿ ಕುಪ್ಯದ ಹೊಲಿಗೆ ಗೆರೆ ಉಳಿದಿರುತ್ತದೆ. ಡಿಜಿಟಲ್‌ನಲ್ಲಿ ಇದೇ ಕೆಲಸ ಮಾಡಿದರೆ ಬಿಳಿ ಸುಟ್ಟು ಹೋಗುತ್ತದೆ, ಸುಟ್ಟದ್ದು ಮತ್ತೆ ಬರುವುದಿಲ್ಲ. ಅಲ್ಲಿ ಉಲ್ಟಾ ಮಾಡಬೇಕು: ಬಿಳಿಗೆ ಅಳತೆ ಮಾಡಿ ತೆಗೆದು, ಕಪ್ಪನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಮೇಲೆತ್ತಬೇಕು. ಫಿಲಂನಿಂದ ಬಂದವರ ಮೊದಲ ಡಿಜಿಟಲ್ ಫೋಟೋಗಳು ಯಾಕೆ ಸಪ್ಪೆಯಾಗಿ, ಬೆಳ್ಳಗೆ ಬೆಂದಂತೆ ಕಾಣುತ್ತವೆ ಅಂದರೆ ಅರ್ಧ ಕಾರಣ ಇದೇ. ಜೀವ ಇಲ್ಲ ಅಂತ ಬೈಯುವುದು ಕ್ಯಾಮೆರಾಗೆ, ತಪ್ಪಿರುವುದು ಕೈಯ ಅಭ್ಯಾಸ.

ಹೂಮಳೆ ಬಿದ್ದು ಕಾಫಿ ಹೂ ಅರಳಿದ ಬೆಳಿಗ್ಗೆಗೂ ಇದೇ ಮಾತು. ಇಡೀ ತೋಟ ಬೆಳ್ಳಗಾದಾಗ ಬೆಳಕು ಅಳೆಯುವ ಮೀಟರ್ ಮೋಸ ಹೋಗುತ್ತದೆ, ಎಲ್ಲವನ್ನೂ ಬೂದು ಮಾಡಲು ನೋಡುತ್ತದೆ. ಫಿಲಂನಲ್ಲಿ ಒಂದು ಸ್ಟಾಪ್ ಧಾರಾಳವಾಗಿ ಜಾಸ್ತಿ ಕೊಟ್ಟು ಮರೆತುಬಿಡಬಹುದು. ಮಂಜಿಗೂ ಅಷ್ಟೇ. ನೆಗೆಟಿವ್ ಬದಲು ನೇರ ಚಿತ್ರವನ್ನೇ ಕೊಡುವ ಸ್ಲೈಡ್ ಫಿಲಂಗೆ ಮಾತ್ರ ಈ ಧಾರಾಳತನ ಇಲ್ಲ, ಅದು ಡಿಜಿಟಲ್‌ಗಿಂತ ಕಟ್ಟುನಿಟ್ಟು.

ಆದರೆ ಹುತ್ತರಿ ರಾತ್ರಿ? ಹುಣ್ಣಿಮೆ ಬೆಳಕಿನಲ್ಲಿ ಗದ್ದೆಗೆ ಹೋಗಿ ಕದಿರು ತೆಗೆಯುವಾಗ, ಟಾರ್ಚ್ ಬೆಳಕಿನಲ್ಲಿ ಮುಖಗಳು ಓಡಾಡುವಾಗ, ಐಎಸ್‌ಒ 400ರ (ಬೆಳಕಿಗೆ ಎಷ್ಟು ಚುರುಕು ಅನ್ನುವ ಅಂಕಿ) ಫಿಲಂ ಕೈಕೊಡುತ್ತದೆ. ಫ್ಲಾಶ್ ಹಾಕಿದರೆ ಬೆಳದಿಂಗಳೇ ಮಾಯ. ಮಡಿಕೇರಿ ದಸರಾದಲ್ಲಿ ರಾತ್ರಿ ಮೆರವಣಿಗೆ ಹೊರಡುವ ದಶಮಂಟಪಗಳಿಗೂ ಹಾಗೇ. ತೋಟದೊಳಗೆ ಮಳೆಗಾಲದಲ್ಲಿ 400ರ ಫಿಲಂಗೆ ಎಫ್/2.8 ಅಪರ್ಚರ್ ಇಟ್ಟರೂ ಶಟರ್ ವೇಗ 1/60 ಸೆಕೆಂಡ್ ಸಿಕ್ಕಿದರೆ ಪುಣ್ಯ. ನಾಗರಹೊಳೆಯಲ್ಲಿ ಸಂಜೆ ಉದ್ದ ಲೆನ್ಸ್ ಹಾಕಿಕೊಂಡು ಆನೆ ತೆಗೆಯುತ್ತೇನೆ ಅಂದರೆ ಫಿಲಂ ಆಸೆ ಬಿಡಿ. ಹಳಬರು ತೆಗೆದಿದ್ದಾರೆ, ನಿಜ. ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಅಂಥವರು ಫ್ಲಾಶ್ ಜೋಡಿಸಿ, ಅಡಗುತಾಣದಲ್ಲಿ ಕೂತು ತೆಗೆದ ಹಕ್ಕಿ ಫೋಟೋಗಳನ್ನು ನೋಡಿದರೆ ಈಗಲೂ ಬಾಯಿಗೆ ಮಾತು ಬರಲ್ಲ. ಅಷ್ಟು ತಾಳ್ಮೆ ನಿಮಗಿದ್ದರೆ ಈ ಬರಹವೇ ನಿಮಗೆ ಬೇಡ.

ಮನೆಯಲ್ಲೇ ತೊಳೆಯುವುದು: ಕಾಫಿ ನಾಡಿನ ಪಂಥ

ಫಿಲಂನಲ್ಲಿ ಉಳಿಯಬೇಕು, ಆದರೆ ಖರ್ಚು ತಗ್ಗಬೇಕು ಅನ್ನುವವರಿಗೆ ನನ್ನ ಅಚ್ಚುಮೆಚ್ಚಿನ ದಾರಿ ಇದು. ಕಪ್ಪು ಬಿಳುಪು ಫಿಲಂ ತೊಳೆಯಲು 20 ಡಿಗ್ರಿ ನೀರು ಬೇಕು. ಬಯಲುಸೀಮೆಯವರು ಅದಕ್ಕೆ ಐಸ್ ಹಾಕಿ ಒದ್ದಾಡುತ್ತಾರೆ. ನಮಗೆ ಡಿಸೆಂಬರ್‌ನಲ್ಲಿ ನಲ್ಲಿಯ ನೀರನ್ನು ಸ್ವಲ್ಪ ಬಿಸಿ ಮಾಡುವ ಕೆಲಸ ಅಷ್ಟೆ. ಕಲರ್ ಫಿಲಂಗೆ 38 ಡಿಗ್ರಿ ಬೇಕು, ಅದು ಅರ್ಧ ಡಿಗ್ರಿಯೂ ಅತ್ತಿತ್ತ ಆಗದಂತೆ ನಿಲ್ಲಬೇಕು. ನಮ್ಮ ಚಳಿಯಲ್ಲಿ ಅದು ತಲೆನೋವು, ಅದನ್ನು ಲ್ಯಾಬ್‌ಗೇ ಬಿಡಿ.

ಡಾರ್ಕ್‌ರೂಮ್ ಬೇಕಾಗಿಲ್ಲ. ಕೈ ತೂರಿಸುವ ಕಪ್ಪು ಚೀಲ, ಒಂದು ಡೆವಲಪಿಂಗ್ ಟ್ಯಾಂಕ್, ಥರ್ಮಾಮೀಟರ್, ಎರಡು ಮೂರು ಬಾಟಲಿ ಇದ್ದರೆ ಬಚ್ಚಲುಮನೆಯಲ್ಲೇ ಆಗುತ್ತದೆ. ಇಲ್‌ಫೋರ್ಡ್ ಎಚ್‌ಪಿ5 ಫಿಲಂ, ಐಡಿ-11 ಡೆವಲಪರ್‌ನಲ್ಲಿ (ಚಿತ್ರ ಮೂಡಿಸುವ ರಾಸಾಯನಿಕ) ನೀರು ಬೆರೆಸದೆ ಹಾಕಿದರೆ ಏಳೂವರೆ ನಿಮಿಷ. 100 ಅಡಿಯ ದೊಡ್ಡ ಸುರುಳಿ ತಂದು ನೀವೇ ಕತ್ತರಿಸಿ ತುಂಬಿಕೊಂಡರೆ 36ರ ರೀಲುಗಳು ಸುಮಾರು 18 ಆಗುತ್ತವೆ, ಬಿಡಿ ರೀಲಿಗಿಂತ ಅಗ್ಗ ಬೀಳುತ್ತದೆ.

ಡೆವಲಪರ್ ಮುಗಿದುಹೋಗಿ, ಹೊರಗೆ ಮಳೆಯಲ್ಲಿ ರಸ್ತೆ ಮೇಲೆ ಮರ ಬಿದ್ದು, ಕೊರಿಯರ್ ಬರದೆ ಇದ್ದರೆ? ಕಾಫಿಯಲ್ಲೇ ತೊಳೆಯಬಹುದು. ತಮಾಷೆ ಅಲ್ಲ. ಅಮೆರಿಕದ ರೋಚೆಸ್ಟರ್ ತಾಂತ್ರಿಕ ಸಂಸ್ಥೆಯಲ್ಲಿ 1995ರಲ್ಲಿ ಒಬ್ಬ ಮೇಷ್ಟ್ರು, ವಿದ್ಯಾರ್ಥಿಗಳು ಸೇರಿ ಮಾಡಿ ತೋರಿಸಿದ ಇದಕ್ಕೆ ಕೆಫೆನಾಲ್ ಅಂತ ಹೆಸರು. ಒಂದು ಲೀಟರ್ ನೀರಿಗೆ 54 ಗ್ರಾಂ ವಾಷಿಂಗ್ ಸೋಡಾ, 16 ಗ್ರಾಂ ವಿಟಮಿನ್ ಸಿ ಪುಡಿ, 40 ಗ್ರಾಂ ಇನ್‌ಸ್ಟಂಟ್ ಕಾಫಿ. ಇದೇ ಕ್ರಮದಲ್ಲಿ ಒಂದೊಂದೇ ಕರಗಿಸಬೇಕು. 20 ಡಿಗ್ರಿಯಲ್ಲಿ 15 ನಿಮಿಷ. ಕೆಲಸ ಮಾಡುವುದು ಕೆಫೀನ್ ಅಲ್ಲ, ಕಾಫಿಯಲ್ಲಿರುವ ಕೆಫೆಯಿಕ್ ಆಸಿಡ್. ಅದಕ್ಕೇ ಅಗ್ಗದ, ಕಹಿ ರೋಬಸ್ಟಾ ಕಾಫಿಯೇ ಇದಕ್ಕೆ ಚೆನ್ನ ಅಂತ ಮಾಡುವವರೆಲ್ಲ ಹೇಳುತ್ತಾರೆ. ಅರೇಬಿಕಾ ಬೆಳೆಯುವವರು ಬೇಜಾರು ಮಾಡಿಕೊಳ್ಳಬೇಡಿ. ಚಿಕೋರಿ ಬೆರೆಸಿದ ಪುಡಿ ಬೇಡ, ಫಿಲ್ಟರ್ ಡಿಕಾಕ್ಷನ್ನೂ ಬೇಡ. ವಾಸನೆ ಮಾತ್ರ ಕಾಫಿಯದ್ದಲ್ಲ, ಒದ್ದೆ ಗೋಣಿಚೀಲದ್ದು. ಅಡುಗೆಮನೆಯ ಪಾತ್ರೆ ಮುಟ್ಟಿದರೆ ಮನೆಯವರ ಹತ್ತಿರ ಬೈಸಿಕೊಳ್ಳುತ್ತೀರಿ. ಕೊನೆಗೆ ಚಿತ್ರ ಹಾಳಾಗದಂತೆ ನಿಲ್ಲಿಸುವ ಫಿಕ್ಸರ್ ಮಾತ್ರ ನಿಜವಾದದ್ದೇ ಬೇಕು, ಅದಕ್ಕೆ ಕಾಫಿ ಆಗಲ್ಲ.

ನಮ್ಮ ಕಡೆ ಇದರ ಕಷ್ಟ ಇರುವುದು ಒಣಗಿಸುವುದರಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೊಳೆದ ಫಿಲಂ ರಾತ್ರಿಯಿಡೀ ತೂಗುಹಾಕಿದರೂ ಬೆಳಿಗ್ಗೆ ಅಂಟಂಟಾಗಿಯೇ ಇರುತ್ತದೆ. ಲೈಟ್ ಹಾಕಿಟ್ಟರೆ ಮಳೆಹುಳ ಬಂದು ಫಿಲಂ ಮೇಲೆ ಚಿತ್ರ ಇರುವ ಪದರಕ್ಕೆ, ಆ ಒದ್ದೆ ಎಮಲ್ಷನ್‌ಗೆ ರೆಕ್ಕೆ ಅಂಟಿಸಿ ಹೋಗುತ್ತದೆ. ಮಳೆಗಾಲದಲ್ಲಿ ಹೊಡೆದ ರೀಲನ್ನು ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟು ನವೆಂಬರ್‌ನಲ್ಲಿ ತೊಳೆಯುವುದೇ ವಾಸಿ. ಫ್ರಿಜ್‌ನಿಂದ ತೆಗೆದ ಕೂಡಲೇ ಡಬ್ಬಿ ಬಿಚ್ಚಬೇಡಿ, ಕೆಲವು ಗಂಟೆ ಹೊರಗಿಟ್ಟು ಬಿಸಿ ಆದ ಮೇಲೆ ಬಿಚ್ಚಿ. ಇಲ್ಲದಿದ್ದರೆ ಒಳಗೆಲ್ಲ ನೀರಹನಿ.

ಫಿಲಂ ಹೊಡೆದು ಡಿಜಿಟಲ್ ಮಾಡಿಕೊಳ್ಳುವುದು

ಇದು ನಡುವಿನ ದಾರಿ ಅನ್ನುತ್ತಾರೆ. ನನ್ನ ಅನುಭವದಲ್ಲಿ ಇದರಲ್ಲಿ ಎರಡೂ ಕಡೆಯ ಕೆಲಸ ಮೈಮೇಲೆ ಬರುತ್ತದೆ, ರೀಲಿನ ಖರ್ಚೂ ಉಂಟು, ಕಂಪ್ಯೂಟರ್ ಕಾಟವೂ ಉಂಟು. ಹಾಗಂತ ಬೇಡ ಅನ್ನುವುದಿಲ್ಲ. ಮನೆಯಲ್ಲಿ ಹಳೆ ನೆಗೆಟಿವ್ ರಾಶಿ ಇದ್ದರೆ ಇದು ಬೇಕೇ ಬೇಕು.

ಲ್ಯಾಬ್‌ನವರು ಕೊಡುವ ಸ್ಕ್ಯಾನ್ ಸಾಮಾನ್ಯವಾಗಿ ಫೋನಿನಲ್ಲಿ ನೋಡಲು, ಪೋಸ್ಟ್‌ಕಾರ್ಡ್ ಪ್ರಿಂಟ್‌ಗೆ ಸಾಕು. ಅವರಿಗೆ ಬೇಕಾದ ಹಾಗೆ ಬಣ್ಣ ತಿರುಗಿಸಿರುತ್ತಾರೆ, ಮಂಜಿನ ಫೋಟೋಗಳನ್ನಂತೂ ಯಂತ್ರ ತಾನೇ ಕಾಂಟ್ರಾಸ್ಟ್ ಏರಿಸಿ ಹಾಳು ಮಾಡುತ್ತದೆ. ಒಂದು ಲ್ಯಾಬ್‌ನಿಂದ ನನ್ನ ನೆಗೆಟಿವ್ ವಾಪಸ್ ಬರಲೇ ಇಲ್ಲ, ಕೇಳಿದರೆ "ಎಲ್ಲರೂ ಸ್ಕ್ಯಾನ್ ಸಾಕು ಅಂತಾರೆ ಸಾರ್" ಅಂದರು. ಕೊರಿಯರ್ ಕವರ್ ಮೇಲೆ ದಪ್ಪ ಅಕ್ಷರದಲ್ಲಿ ನೆಗೆಟಿವ್ ವಾಪಸ್ ಬೇಕು ಅಂತ ಬರೆದು ಕಳಿಸಿ.

ಮನೆಯಲ್ಲಿ ಮಾಡುವುದಾದರೆ ಡಿಜಿಟಲ್ ಕ್ಯಾಮೆರಾದಿಂದಲೇ ನೆಗೆಟಿವ್‌ನ ಫೋಟೋ ತೆಗೆಯುವುದು ಸದ್ಯಕ್ಕೆ ಒಳ್ಳೆ ಉಪಾಯ. ಒಂದು ಎಲ್‌ಇಡಿ ಲೈಟ್ ಪ್ಯಾಡ್, ಅದರ ಮೇಲೆ ನೆಗೆಟಿವ್ ಚಪ್ಪಟೆ ಹಿಡಿಯುವ ಹೋಲ್ಡರ್, ಮೇಲಿನಿಂದ ಮ್ಯಾಕ್ರೋ ಲೆನ್ಸ್. ಹಳೆಯ 55 ಎಂಎಂ ಮೈಕ್ರೋ ನಿಕ್ಕೋರ್ ಯಾರ ಮನೆಯಲ್ಲಾದರೂ ಇದ್ದರೆ ಅದೇ ಬಂಗಾರ, ಜೊತೆಗೊಂದು ಎಕ್ಸ್‌ಟೆನ್ಷನ್ ರಿಂಗ್ ಬೇಕು. ಮೋಡದ ದಿನ ಕೋಣೆ ಕತ್ತಲು ಮಾಡಿ ಕೂತರೆ ಒಂದು ಮಧ್ಯಾಹ್ನಕ್ಕೆ ಹಲವಾರು ರೀಲು ಮುಗಿಯುತ್ತದೆ. ಮಳೆಗಾಲದಲ್ಲಿ ಧೂಳು ಕಡಿಮೆ, ಆದರೆ ನೆಗೆಟಿವ್ ಮೇಲೆ ಜೇಡರ ಬಲೆಯಂಥ ಬಿಳಿ ಎಳೆ ಕಂಡರೆ ಅದು ಧೂಳಲ್ಲ, ಫಂಗಸ್. ಅದು ಎಮಲ್ಷನ್‌ನ ಜೆಲಾಟಿನ್ ತಿಂದೇ ಬೆಳೆಯುವುದು. ಉಜ್ಜಬೇಡಿ, ನೀರೂ ಹಾಕಬೇಡಿ, ಮೊದಲು ಹಾಗೇ ಫೋಟೋ ತೆಗೆದುಕೊಳ್ಳಿ.

ಇಡುವ ವಿಷಯದಲ್ಲಿ ಈ ದಾರಿಗೆ ಸಾಟಿ ಇಲ್ಲ. ನೆಗೆಟಿವ್ ನಲವತ್ತು ವರ್ಷದ ಮೇಲೂ ದೀಪಕ್ಕೆ ಹಿಡಿದರೆ ಕಾಣುತ್ತದೆ, 2005ರಲ್ಲಿ ಬರೆದಿಟ್ಟ ಸಿಡಿ ಈಗ ಓದುತ್ತದೋ ಇಲ್ಲವೋ ನೋಡಿ. ಆದರೆ ನೆಗೆಟಿವ್ ಇರುವುದು ಒಂದೇ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಮನೆ ಜೊತೆಗೆ ಆಲ್ಬಂಗಳೂ ಮಣ್ಣಾದವು, ಅದಕ್ಕೆ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಹಾರ್ಡ್ ಡಿಸ್ಕ್ ಸಾಯುತ್ತದೆ, ಸಿಡಿಲಿಗೆ ಸುಡುತ್ತದೆ. ಆದರೆ ಅದರ ಪ್ರತಿ ಮೈಸೂರಿನ ತಂಗಿ ಮನೆಯಲ್ಲೂ ಇಡಬಹುದು. ಮೂಲ ಇಲ್ಲಿ, ಪ್ರತಿ ಅಲ್ಲಿ. ಐನ್‌ಮನೆಯ ಹಳೆ ಫೋಟೋ ಕೈಯಲ್ಲಿರುವವರಿಗೆ ನಾನು ಬೇರೆ ಸಲಹೆಯನ್ನೇ ಕೊಡುವುದಿಲ್ಲ.

ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್, ಹಳೆಯ ಲೆನ್ಸ್

ಎಫ್‌ಎಂ2 ಹಿಡಿದವರಿಗೆ ಕಡಿಮೆ ದುಡ್ಡಿನಲ್ಲಿ ಡಿಜಿಟಲ್‌ಗೆ ಬರುವ ಬಾಗಿಲು ಇದು. ನಿಕಾನ್, ಕ್ಯಾನನ್ ಎರಡೂ ಹೊಸ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಡಿಜಿಟಲ್ ಕ್ಯಾಮೆರಾ) ತರುವುದನ್ನು ನಿಲ್ಲಿಸಿವೆ, ಎಲ್ಲರೂ ಕನ್ನಡಿ ಇಲ್ಲದ ಮಿರರ್‌ಲೆಸ್ ಕಡೆ ಓಡುತ್ತಿದ್ದಾರೆ, ಹಾಗಾಗಿ ಇವು ಅಗ್ಗವಾಗಿವೆ. 20,000 ಆಚೀಚೆಗೆ ಒಂದು ಗಟ್ಟಿ ಕ್ಯಾಮೆರಾ ಸಿಗುತ್ತದೆ.

ಇಲ್ಲಿ ಎಡವುವುದು ಲೆನ್ಸ್ ವಿಷಯದಲ್ಲಿ. "ನಿಕಾನ್ ಲೆನ್ಸ್ ನಿಕಾನ್‌ಗೆ ಕೂರುತ್ತೆ" ಅನ್ನುವುದು ಅರ್ಧ ಸತ್ಯ. ನಿಮ್ಮ ಹಳೆ ಎಐ ಲೆನ್ಸ್ (ಕೈಯಿಂದ ಫೋಕಸ್ ಮಾಡುವ ಒಂದು ಸಾಲಿನ ನಿಕಾನ್ ಲೆನ್ಸ್) ಡಿ3000, ಡಿ5000 ಸಾಲಿನ ಕ್ಯಾಮೆರಾಗಳಿಗೆ ಕೂರುತ್ತದೆ, ಆದರೆ ಮೀಟರ್ ಕೆಲಸ ಮಾಡುವುದಿಲ್ಲ. ಡಿ7000, ಡಿ7100, ಡಿ7200ಗಳಲ್ಲಿ ಮಾಡುತ್ತದೆ. ಡಿ7500ನಲ್ಲಿ ಮತ್ತೆ ಮಾಡುವುದಿಲ್ಲ, ಹೊಸದು ಅಂತ ಅದನ್ನೇ ಕೊಂಡು ಬೇಜಾರಾದವರಿದ್ದಾರೆ. ಇದಕ್ಕಿಂತ ಹಳೆಯ, ಎಐ ಅಲ್ಲದ ಲೆನ್ಸನ್ನು ಒತ್ತಿ ಕೂರಿಸಲು ಹೋಗಬೇಡಿ, ಕ್ಯಾಮೆರಾದ ಭಾಗ ಮುರಿಯಬಹುದು. ಕ್ಯಾನನ್‌ನವರಿಗೆ ಬೇರೆ ಕಥೆ: ಹಳೆ ಎಫ್‌ಡಿ ಲೆನ್ಸ್ ಯಾವ ಇಒಎಸ್ ಡಿಎಸ್‌ಎಲ್‌ಆರ್‌ಗೂ ಸರಿಯಾಗಿ ಹೊಂದುವುದಿಲ್ಲ, ದೂರಕ್ಕೆ ಫೋಕಸ್ ಸಿಗುವುದಿಲ್ಲ. ಇಒಎಸ್ ಫಿಲಂ ಕ್ಯಾಮೆರಾದ ಆಟೋಫೋಕಸ್ ಲೆನ್ಸ್‌ಗಳಾದರೆ ಆರಾಮ. ಪೆಂಟಾಕ್ಸ್ ಲೆನ್ಸ್ ಪೆಂಟಾಕ್ಸ್ ಡಿಎಸ್‌ಎಲ್‌ಆರ್‌ಗೆ ಕೂರುತ್ತದೆ, ಪ್ರತಿ ಸಲ ಒಂದು ಬಟನ್ ಒತ್ತಿ ಬೆಳಕು ಅಳೆಯಬೇಕು ಅಷ್ಟೆ.

ಇನ್ನೊಂದು ಆಘಾತ, ಫಿಲಂ ಜಾಗದಲ್ಲಿ ಚಿತ್ರ ಹಿಡಿಯುವ ಸೆನ್ಸರ್‌ನ ಅಳತೆಯದು. ಚಿಕ್ಕ ಸೆನ್ಸರ್ ಇರುವ ಕ್ಯಾಮೆರಾದಲ್ಲಿ ನಿಮ್ಮ 50 ಎಂಎಂ ಲೆನ್ಸ್ 75ರ ಥರ ನೋಡುತ್ತದೆ. ಐನ್‌ಮನೆಯ ಕಯ್ಯಾಲೆಯಲ್ಲಿ (ಜಗುಲಿಯಲ್ಲಿ) ನಿಂತು ಎಲ್ಲರನ್ನೂ ಸೇರಿಸಿ ಒಂದು ಫೋಟೋ ತೆಗೆಯಲು ಹೋದರೆ ಬೆನ್ನಿಗೆ ಗೋಡೆ ತಾಗುತ್ತದೆ. ಹಕ್ಕಿ ತೆಗೆಯುವವರಿಗೆ ಇದೇ ಲಾಭ. ಹಳೆ ನೋಟವೇ ಬೇಕು ಅಂದರೆ ಫಿಲಂನಷ್ಟೇ ದೊಡ್ಡ ಸೆನ್ಸರ್ ಇರುವ ಫುಲ್ ಫ್ರೇಮ್ ಬೇಕು, ಡಿ610, ಡಿ750 ಥರದ್ದು, ಬೆಲೆ ಒಂದೂವರೆ ಎರಡು ಪಟ್ಟು. ಡಿಎಸ್‌ಎಲ್‌ಆರ್‌ನ ಗಾಜಿನಲ್ಲಿ ಕೈಯಿಂದ ಫೋಕಸ್ ಮಾಡುವುದು ಎಫ್‌ಎಂ2ನಷ್ಟು ಸುಲಭವೂ ಅಲ್ಲ. ಫೋಕಸ್ ಸರಿಯಾದಾಗ ಎರಡು ಅರ್ಧ ಕೂಡಿಕೊಳ್ಳುವ ನಡುವಿನ ಆ ಒಡೆದ ವೃತ್ತ ಇರುವುದಿಲ್ಲ, ಮೂಲೆಯ ಹಸಿರು ಚುಕ್ಕೆ ನಂಬಬೇಕು. ಅರವತ್ತು ದಾಟಿದ ಕಣ್ಣಿಗೆ ಇದು ಕಿರಿಕಿರಿ.

ಮಿರರ್‌ಲೆಸ್

ಅದೇ ಕಣ್ಣಿಗೆ ಮಿರರ್‌ಲೆಸ್ ವರ. ಲೆನ್ಸ್ ಯಾವ ಕಂಪನಿಯದಾದರೂ ಸರಿ, ಎಫ್‌ಡಿ, ಮಿನೋಲ್ಟಾ, ಯಾಶಿಕಾ, ನಿಕಾನ್, ಒಂದು ಅಡಾಪ್ಟರ್ ಹಾಕಿದರೆ ಮುಗಿಯಿತು. ಕನ್ನಡಿ ಇಲ್ಲದ ಕಾರಣ ಲೆನ್ಸ್‌ಗೂ ಸೆನ್ಸರ್‌ಗೂ ನಡುವೆ ಜಾಗ ಉಳಿದಿರುತ್ತದೆ, ಅಡಾಪ್ಟರ್ ಆ ಜಾಗ ತುಂಬುತ್ತದೆ. ನೋಡುವ ಕಿಂಡಿಯಲ್ಲೇ ಚಿತ್ರ ದೊಡ್ಡದು ಮಾಡಿ ಫೋಕಸ್ ಮಾಡಬಹುದು. ಕಪ್ಪು ಬಿಳುಪಿಗೆ ಇಟ್ಟರೆ ಕಿಂಡಿಯಲ್ಲೇ ಕಪ್ಪು ಬಿಳುಪು ಕಾಣುತ್ತದೆ. ಸೋನಿ ಎ7 ಎರಡನೇ ಮಾದರಿ 2014ರದ್ದು, ಹಳತಾಯಿತು, ಆದರೆ ಕೈ ನಡುಕ ತಡೆಯುವ ವ್ಯವಸ್ಥೆ ಕ್ಯಾಮೆರಾದೊಳಗೇ ಇರುವುದರಿಂದ ಅಜ್ಜನ ಕಾಲದ ಲೆನ್ಸ್‌ಗೂ ಅದರ ಲಾಭ ಸಿಗುತ್ತದೆ. ಹುತ್ತರಿ ರಾತ್ರಿಗೆ ಇದೇ ಸರಿ. ದುಡ್ಡಿದ್ದವರಿಗೆ ನಿಕಾನ್ ಝಡ್ ಎಫ್ ಇದೆ, 2023ರಲ್ಲಿ ಬಂದದ್ದು, ನೋಡಲು ಹಳೆ ಎಫ್‌ಎಂ2 ಥರವೇ, ಶಟರ್ ವೇಗ ತಿರುಗಿಸುವ ಚಕ್ರವೂ ಮೇಲೇ ಇದೆ. ಚಕ್ರಕ್ಕೆ ಲಕ್ಷಗಟ್ಟಲೆ ಕೊಡಬೇಕಾ ಅನ್ನುವುದು ನಿಮ್ಮ ಕಾಫಿ ಬೆಲೆಗೆ ಬಿಟ್ಟದ್ದು.

ಫ್ಯೂಜಿ ಕ್ಯಾಮೆರಾಗಳನ್ನು ಕಂಪ್ಯೂಟರ್ ಬೇಡ ಅನ್ನುವವರಿಗೆ ನಾನು ಮೊದಲು ತೋರಿಸುತ್ತೇನೆ. ಫಿಲಂ ಮಾಡಿದ ಕಂಪನಿಯೇ ಆದ್ದರಿಂದ ಫಿಲಂ ಥರದ ಬಣ್ಣಗಳನ್ನು ಕ್ಯಾಮೆರಾದೊಳಗೇ ಇಟ್ಟಿದ್ದಾರೆ. ಒಂದು ಬಣ್ಣ ಆರಿಸಿ, ಜೆಪೆಗ್‌ನಲ್ಲಿ ತೆಗೆದು, ಕಾರ್ಡನ್ನು ನೇರ ಸ್ಟುಡಿಯೋಗೆ ಕೊಟ್ಟು ಪ್ರಿಂಟ್ ಹಾಕಿಸಿ. ರೀಲು ಕೊಟ್ಟಂತೆಯೇ ಆಯಿತು ಅಲ್ವಾ? 36 ಆದ ಕೂಡಲೇ ನಿಲ್ಲಿಸುವ ನಿಯಮ ಹಾಕಿಕೊಂಡವರೂ ಇದ್ದಾರೆ, ಅದು ನನಗೆ ಸ್ವಲ್ಪ ನಾಟಕ ಅನ್ನಿಸುತ್ತದೆ, ಆದರೆ ಸಂಜೆ ಆರಿಸುವ ಕೆಲಸ ಕಡಿಮೆಯಾಗುವುದಂತೂ ನಿಜ.

ಮಿರರ್‌ಲೆಸ್‌ನ ತೊಂದರೆ ಬ್ಯಾಟರಿ. ಎಫ್‌ಎಂ2 ಬ್ಯಾಟರಿ ಸತ್ತರೂ ಶಟರ್ ಎಲ್ಲ ವೇಗದಲ್ಲೂ ಓಡುತ್ತದೆ, ಮೀಟರ್ ಮಾತ್ರ ಹೋಗುತ್ತದೆ. ಮಿರರ್‌ಲೆಸ್ ಆದರೆ ಬ್ಯಾಟರಿ ಹೋದರೆ ಕಲ್ಲು. ಮಳೆಗಾಲದಲ್ಲಿ ಕರೆಂಟ್ ಹೋಗಿ ಮೂರು ದಿನ ಬರದ ಭಾಗಮಂಡಲ ಕಡೆಯವರು ಮೂರು ಬ್ಯಾಟರಿ, ಒಂದು ಪವರ್ ಬ್ಯಾಂಕ್ ಲೆಕ್ಕ ಹಾಕಿಕೊಂಡೇ ಕೊಳ್ಳಬೇಕು.

ಫೋನ್ ಬಗ್ಗೆ ಎರಡೇ ಮಾತು. ಹೋಮ್‌ಸ್ಟೇ ಜಾಹೀರಾತಿಗೆ, ಕಣದಲ್ಲಿ ಒಣಗುತ್ತಿರುವ ಕಾಫಿ ವ್ಯಾಪಾರಿಗೆ ತೋರಿಸಲು ಫೋನ್ ಸಾಕು, ಅದಕ್ಕೆ ಕ್ಯಾಮೆರಾ ಕೊಳ್ಳಬೇಡಿ. ಮಂಜನ್ನು ಫೋನ್ ಒರೆಸಿ ಹಾಕುತ್ತದೆ, ಮಂಜು ಬೇಕಾದವರಿಗೆ ಅದು ಆಗುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು

ತೋಟ ಮಕ್ಕಳಿಗೆ ಬಿಟ್ಟುಕೊಟ್ಟು, ವರ್ಷಕ್ಕೆ ನಾಲ್ಕು ರೀಲು ಹೊಡೆಯುವ ಹಿರಿಯರು ಫಿಲಂನಲ್ಲೇ ಇರಲಿ. ಯಾರೂ ಒತ್ತಾಯ ಮಾಡಬೇಡಿ, "ಕಾಲ ಬದಲಾಯ್ತು ಮಾವ" ಅಂತ ಕಾಟ ಕೊಡಬೇಡಿ. ಅವರ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡುವ ಕೆಲಸ ನೀವು ವಹಿಸಿಕೊಳ್ಳಿ. ಮದುವೆ, ನಾಮಕರಣ ಕೆಲಸ ಹಿಡಿಯುವ ಸ್ಟುಡಿಯೋದವರಿಗೆ ಆಯ್ಕೆಯೇ ಇಲ್ಲ, ಅವರು ಬಹಳ ಹಿಂದೆಯೇ ಡಿಜಿಟಲ್‌ಗೆ ಬಂದಾಗಿದೆ. ಇಷ್ಟು ಮಾತ್ರ ಹೇಳುತ್ತೇನೆ, ಬಿಳಿ ಕುಪ್ಯಕ್ಕೆ ಅಳತೆ ಮಾಡಿ. ಅಜ್ಜನ ಕ್ಯಾಮೆರಾ ಸಿಕ್ಕ ಕಾಲೇಜು ಹುಡುಗರಿಗೆ ಕಪ್ಪು ಬಿಳುಪು, ಮನೆಯಲ್ಲೇ ತೊಳೆಯುವುದು, ಮೊದಲ ವರ್ಷ ಬೇರೇನೂ ಬೇಡ. ಬಜೆಟ್ 25,000 ಒಳಗೆ, ನಿಕಾನ್ ಲೆನ್ಸ್ ಇದೆ, ಹಕ್ಕಿ ಪಕ್ಷಿ ಹುಚ್ಚು ಅನ್ನುವವರಿಗೆ ಡಿ7000ದಿಂದ ಡಿ7200ವರೆಗಿನ ಸಾಲು. ಕಣ್ಣು ಮಂದ, ಲೆನ್ಸ್ ಬೇರೆ ಬೇರೆ ಕಂಪನಿಯವು, ಕೈಯಲ್ಲಿ ಐವತ್ತು ಸಾವಿರ ಇದೆ ಅನ್ನುವವರಿಗೆ ಹಳೆ ಸೋನಿ ಎ7. ಡಿಜಿಟಲ್‌ಗೆ ಹೋಗುವವರು ಫಿಲಂ ಕ್ಯಾಮೆರಾ ಮಾರುವ ಆತುರ ಮಾಡಬೇಡಿ. ಇಲ್ಲಿ ಅದಕ್ಕೆ ಕೊಡುವ ಬೆಲೆ ನೋಡಿದರೆ ಇಟ್ಟುಕೊಳ್ಳುವುದೇ ಮೇಲು.

ಯಾವುದೇ ತೆಗೆದುಕೊಳ್ಳಿ, ಮೊದಲು ಒಂದು ಡ್ರೈ ಬಾಕ್ಸ್ ಕೊಳ್ಳಿ. ಗಾಳಿಯ ತೇವ ನೂರಕ್ಕೆ 60 ದಾಟಿದರೆ ಫಂಗಸ್‌ಗೆ ಹಬ್ಬ, ನಮ್ಮಲ್ಲಿ ಅದು ನಾಲ್ಕು ತಿಂಗಳು ಕೆಳಗಿಳಿಯುವುದೇ ಇಲ್ಲ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಳಗೊಂದು ತೇವ ತೋರಿಸುವ ಚಿಕ್ಕ ಮೀಟರ್ ಇದ್ದರೂ ಸಾಕು, 40ರಿಂದ 50ರ ನಡುವೆ ಇರಲಿ. ಚರ್ಮದ ಕವರ್‌ನಲ್ಲಿ ಮಾತ್ರ ಕ್ಯಾಮೆರಾ ಇಡಬೇಡಿ, ಬೂಷ್ಟು ಮೊದಲು ಹತ್ತುವುದೇ ಅದಕ್ಕೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಲೆನ್ಸಿನ ಅಪರ್ಚರ್ ಪೂರ್ತಿ ತೆರೆದು ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಎಳೆ ಎಳೆ ಕಂಡರೆ ಎಷ್ಟು ಅಗ್ಗವಾದರೂ ಬೇಡ, ಅದನ್ನು ತಂದು ಉಳಿದ ಲೆನ್ಸ್‌ಗಳ ಪಕ್ಕ ಇಡುವುದಂತೂ ಬೇಡವೇ ಬೇಡ. ಆದಷ್ಟು ಜನವರಿಯಿಂದ ಏಪ್ರಿಲ್ ಒಳಗೆ ಕೊಳ್ಳಿ. ಬೆಳಕು ಚೆನ್ನಾಗಿರುತ್ತದೆ, ತಿರುಗಾಡಿ ಪರೀಕ್ಷೆ ಮಾಡಬಹುದು, ಹೂ ಅರಳುವ ಹೊತ್ತಿಗೆ ಕೈಗೂ ಅಭ್ಯಾಸ ಆಗಿರುತ್ತದೆ. ಮೇ ಕೊನೆಯಲ್ಲಿ ಕೊಂಡರೆ ಅದು ಸೀದಾ ಡ್ರೈ ಬಾಕ್ಸಿಗೇ ಹೋಗುತ್ತದೆ, ಏನಾದರೂ ಕೆಟ್ಟಿದ್ದರೆ ಗೊತ್ತಾಗುವುದು ಅಕ್ಟೋಬರ್‌ನಲ್ಲಿ, ಅಷ್ಟೊತ್ತಿಗೆ ಮಾರಿದವನು ಫೋನ್ ಎತ್ತುವುದಿಲ್ಲ.